ಜಟ್ಟೆಪ್ಪನ ಬಿಳಿ ಪಟಕಾ

ಊರೂರು ಸುತ್ತುತ್ತ ವ್ಯಾನಿನಲ್ಲೇ ಮಲಗುವ ನಾಟಕ ಕಂಪನಿಯವರ ಛಾವಣಿ ರಾಮದುರ್ಗದಲ್ಲಿ ಸೋರಲಿ, ಸವದತ್ತಿಯಲ್ಲಿ ಸೋರಲಿ, ಗಾಡಿ ನೇಸರಗಿಯ ಜಟ್ಟೆಪ್ಪನ ಬಾಗಿಲಿಗೇ ಬರಬೇಕು. "ಒಂದೀಟು ಡಾಂಬರ ಬಳದು ಕೊಡಪಾ" ಅಂದರೆ ಅವನಿಗೆ ಬೈದಂತೆ. "ಡಾಂಬರ ಬಿಸಲಿಗೆ ಕರಗತೈತಿ, ಸಿಮೆಂಟ ಗಾಡಿ ಕುಲುಕಿದ್ರ ಸೀಳತೈತಿ. ಸೀಮೆಸುಣ್ಣದ ಪುಡಿ ಅಗಸಿ ಎಣ್ಯಾಗ ನಾದಿದ ಪುಟ್ಟಿ ಹಂಗಲ್ರೀ, ಗಾಡಿ ಕುಣದಂಗ ಕುಣಿತೈತಿ!" ಎನ್ನುತ್ತಾನೆ. ಆ ಪುಟ್ಟಿಯನ್ನು ಹೋಳಿಗೆಯ ಕಣಕಕ್ಕಿಂತ ಹೆಚ್ಚು ಹೊತ್ತು ನಾದುತ್ತಾನೆ, ಮೂಸುತ್ತಾನೆ, ಕಿವಿಯ ಹತ್ತಿರ ಹಿಡಿದು ಹಿಚುಕಿ ಕೇಳುತ್ತಾನೆ. ಬಿರುಕು ತುಂಬಿ ಒಣಗಿದ ಮೇಲೆ, "ಕೂಸು ಎಲ್ಲಿ ಮಲಗತೈತ್ರಿ?" ಎಂದು ಕೇಳಿ, ಅದೇ ಜಾಗದಲ್ಲಿ ತಲೆಗೆ ಬಿಳಿ ಪಟಕಾ ಸುತ್ತಿಕೊಂಡು ಕೂರುತ್ತಾನೆ. ಹೆಂಡತಿ ಸಾವಂತ್ರೆವ್ವ ಮೇಲೆ ಹತ್ತಿ ಹತ್ತು ಕೊಡ ನೀರು ಸುರಿಯುತ್ತಾಳೆ. ಪಟಕಾದ ಮೇಲೆ ಒಂದೇ ಹನಿ ಬಿದ್ದರೂ ಪುಟ್ಟಿಯನ್ನೆಲ್ಲ ಕಿತ್ತು ಮತ್ತೆ ಶುರು. ಆ ಪಟಕಾದಲ್ಲೊಂದು ಕರಿ ಕಲೆಯಿದೆ. ಎಪ್ಪತ್ತೊಂದನೇ ಇಸವಿಯಲ್ಲಿ, ಮೊದಲ ಗಾಡಿಗೆ ಡಾಂಬರನ್ನೇ ನಂಬಿ ಬಳಿದಿದ್ದಾಗ, ಮಲಗಿದ್ದ ಕೂಸಿನ ಕೆನ್ನೆಗೆ ತೊಟ್ಟಿಕ್ಕಿದ ಡಾಂಬರ ಹನಿಯನ್ನು ಈ ಪಟಕಾದಿಂದಲೇ ಒರೆಸಿದ್ದ. "ಸೋಡಾ ಹಾಕಿ ತೊಳೀಲೇನ್ರಿ?" ಎಂದು ಸಾವಂತ್ರೆವ್ವ ಪ್ರತಿ ಸಲ ಕೇಳುತ್ತಾಳೆ. ಜಟ್ಟೆಪ್ಪ ಮಾತ್ರ ಕಲೆ ಹಣೆಯ ಮೇಲೇ ಕಾಣುವಂತೆ ಪಟಕಾ ಸುತ್ತಿ, ಎದೆ ಸೆಟೆಸಿ ಹೇಳುತ್ತಾನೆ: "ಇರ್ಲಿ ಬಿಡ. ವಿದ್ಯಾ ಕಲಿಸಿದ ಮಾಸ್ತರ್ನ ಯಾರರ ತೊಳದ ಹಾಕ್ತಾರೇನ?"