ಸರದಿ ಜಗಳೂರಿನದಿತ್ತು

ಗಿರಿಜಾ ಮೇಡಂ, ನಮ್ಮ ಮಕ್ಕಳ ವೈದ್ಯರ ಸಂಘದ ಅಧ್ಯಕ್ಷ ಸ್ಥಾನವನ್ನು ನೀವು ನಿರಾಕರಿಸಿದಿರಿ ಎಂದು ನಡಾವಳಿ ಪುಸ್ತಕದಲ್ಲಿ ಬರೆದವನು ನಾನು. ಅದು ಸುಳ್ಳು. ಬರೆಯುವಾಗಲೇ ಸುಳ್ಳೆಂದು ನನಗೆ ಗೊತ್ತಿತ್ತು. ಕಾರ್ಯದರ್ಶಿ ಎಂದು ಸಹಿ ಹಾಕಿ, ಸೀಲು ಒತ್ತಿ, ಪುಸ್ತಕವನ್ನು ಬೀರುವಿನಲ್ಲಿಟ್ಟು ಊಟಕ್ಕೆ ಎದ್ದೆ.

ಇಷ್ಟು ಹೇಳಲು ಆರು ವರ್ಷ ಬೇಕಾಯಿತು. ಈಗಲೂ ಪೂರ್ತಿ ನಿಮಗಾಗಿಯೇ ಹೇಳುತ್ತಿದ್ದೇನೋ, ನನ್ನ ಎದೆಯ ಭಾರ ಇಳಿಸಿಕೊಳ್ಳಲು ಹೇಳುತ್ತಿದ್ದೇನೋ — ನನ್ನ ಮೇಲೆಯೇ ನನಗೆ ಅನುಮಾನ. ಅನುಮಾನ ನನ್ನ ಹುಟ್ಟುಗುಣ. ಮಗು ರಾತ್ರಿಯೆಲ್ಲ ಅತ್ತಿತು ಎಂದು ತಾಯಿ ಹೇಳಿದರೆ ಅಪ್ಪನ ಮುಖ ನೋಡುವವನು ನಾನು. ಆಸ್ಪತ್ರೆಯಲ್ಲಿ ಅದು ಕೆಲಸಕ್ಕೆ ಬಂತು. ಸಂಘದಲ್ಲಿ ಅದೇ ಮನೆಹಾಳು ಕೆಲಸ ಮಾಡಿತು.

ನಮ್ಮದು ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಸೇರಿ ಬೆರಳೆಣಿಕೆಯ ವೈದ್ಯರಿದ್ದ ಸಣ್ಣ ಶಾಖೆ. ಚುನಾವಣೆ ಎಂಬುದೇ ಇರಲಿಲ್ಲ. ವರ್ಷಕ್ಕೊಂದು ಊರಿನಂತೆ ಅಧ್ಯಕ್ಷ ಸ್ಥಾನ ಸುತ್ತುತ್ತಿತ್ತು. ಅಧ್ಯಕ್ಷರ ಊರಿನಲ್ಲಿಯೇ ಆ ವರ್ಷದ ತರಬೇತಿ. ಹುಟ್ಟಿದ ಕೂಡಲೇ ಅಳದ ಕೂಸಿಗೆ ಉಸಿರು ಬರಿಸುವುದು ಹೇಗೆಂದು ಹೆರಿಗೆ ವಾರ್ಡಿನ ಸಿಸ್ಟರ್‌ಗಳಿಗೆ ಗೊಂಬೆಗಳ ಮೇಲೆ ಎರಡು ದಿನ ಕಲಿಸುತ್ತಿದ್ದೆವು. ನೀವು ಸೇರುವವರೆಗೆ ಅಲ್ಲಿಂದ ಸದಸ್ಯರೇ ಇರದ ಕಾರಣ ಜಗಳೂರಿಗೆ ಅದು ಒಮ್ಮೆಯೂ ಬಂದಿರಲಿಲ್ಲ. ಅಲ್ಲಿನ ಸಿಸ್ಟರ್‌ಗಳು ದಾವಣಗೆರೆಗೆ ಬಂದು ಬಸ್ಸು ಬದಲಿಸಿ ನಮ್ಮ ಕಡೆಗೆ ಬರಬೇಕಿತ್ತು. ಇಬ್ಬರು ಬಂದರೆ ಹೆಚ್ಚು. ಆ ವರ್ಷ ಸರದಿ ಜಗಳೂರಿನದು. ಜಗಳೂರಿನಿಂದ ಇದ್ದವರು ನೀವೊಬ್ಬರೇ.

ನಮ್ಮಲ್ಲಿ ಒಂದು ಪದ್ಧತಿ ಇತ್ತು, ನಿಮಗೂ ಗೊತ್ತಿತ್ತು. ಕಾರ್ಯದರ್ಶಿ ಫೋನು ಮಾಡಿ ಕೇಳಿದಾಗ ಯಾರೂ ಮೊದಲ ಸಲಕ್ಕೆ ಹೂಂ ಅನ್ನುತ್ತಿರಲಿಲ್ಲ. ಅಂದವರಿಗೆ ಹಪಾಹಪಿ ಎಂದು ಆಡಿಕೊಳ್ಳುತ್ತಿದ್ದರು. ಬೇಡ ಎನ್ನಬೇಕು, ಕಾರ್ಯದರ್ಶಿ ಬಿಡಬಾರದು, ಎರಡನೆಯ ಸಲ, ಮೂರನೆಯ ಸಲ — ಆಮೇಲೆ ಒಪ್ಪಿಗೆ. ಹಿಂದಿನ ವರ್ಷ ನ್ಯಾಮತಿಯ ಡಾಕ್ಟರನ್ನು ಒಪ್ಪಿಸಲು ನಾನೇ ಅವರ ಮನೆಗೆ ಎರಡು ಸಲ ಹೋಗಿ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತಿಂದು ಬಂದಿದ್ದೆ. ಮೂರನೆಯ ಸಲ ಅವರು, "ನೀವೆಲ್ಲ ಇಷ್ಟು ಹೇಳಿದ ಮ್ಯಾಲೆ ಹೆಂಗ್ರೀ ಬ್ಯಾಡ ಅನ್ನಾದು" ಎಂದು ನಕ್ಕರು. ಪುಸ್ತಕದಲ್ಲಿ 'ಸಂತೋಷದಿಂದ ಒಪ್ಪಿದರು' ಎಂದು ಬರೆದೆ.

ನಿಮ್ಮನ್ನು ಒಂದೇ ಸಲ ಕೇಳಿದೆ.

"ನಂಗ್ಯಾಕೆ ಸರ್ ಅದೆಲ್ಲ, ದೊಡ್ಡೋರು ಇದಾರಲ್ಲ, ಅವರಿಗೇ ಕೊಡ್ರಿ" ಎಂದಿರಿ. ದನಿಯಲ್ಲಿ ಖುಷಿ ಇತ್ತು. ಅದು ನನಗೆ ಕೇಳಿಸಿತ್ತು — ಕೇಳಿಸಲಿಲ್ಲ ಎಂದು ಹೇಳುವ ಹಾಗಿಲ್ಲ. ನಾನು, "ಆಯ್ತು ಬಿಡ್ರಿ ಮೇಡಂ" ಎಂದೆ. ನೀವು ಇನ್ನೇನಾದರೂ ಹೇಳುವ ಮೊದಲೇ ನಾನೇ ಫೋನಿಟ್ಟೆ.

ಯಾಕೆ ಹೀಗೆ ಮಾಡಿದೆ? ಅದಕ್ಕೆ ಮೂರು ತಿಂಗಳ ಮೊದಲು ರಾಜ್ಯ ಶಾಖೆಯಿಂದ ಒಂದು ಪತ್ರ ಬಂದಿತ್ತು. ತರಬೇತಿ ಎಲ್ಲ ಊರುಗಳಿಗೂ ತಲುಪಿದೆಯೇ, ಇಲ್ಲದಿದ್ದರೆ ಕಾರಣವೇನು, ಕಾರ್ಯದರ್ಶಿ ವಿವರಿಸಬೇಕು ಎಂದು. ಕಾರ್ಯದರ್ಶಿ ಎಂದರೆ ನಾನು. ನನಗೆ ಮೈಯೆಲ್ಲ ಉರಿಯಿತು. ಯಾರು ಚಾಡಿ ಹೇಳಿದವರು? ಪತ್ರಕ್ಕೆ ಹಿಂದಿನ ಸಭೆಯಲ್ಲಿ ಟೀ ಕುಡಿಯುವಾಗ ರಾಜ್ಯ ಕಚೇರಿಯ ವಿಳಾಸ ಕೇಳಿದ್ದವರು ನೀವು. ನಡಾವಳಿ ಪುಸ್ತಕ ಇಸಿದುಕೊಂಡು ಎರಡು ಪುಟ ಓದಿ, ಸಣ್ಣಗೆ ನಕ್ಕು ವಾಪಸು ಕೊಟ್ಟವರೂ ನೀವೇ. ಯಾಕೆ ನಕ್ಕಿರಿ? ಏನು ಕಂಡಿರಿ? ಅಂದಿನಿಂದ ನೀವು ಸಂಘದ ವಾಟ್ಸಾಪ್ ಗ್ರೂಪಿನಲ್ಲಿ ಒಂದು ಶುಭಾಶಯ ಕಳಿಸಿದರೂ ಅದರೊಳಗೆ ಏನೋ ಹುಡುಕತೊಡಗಿದೆ. ಇವರು ಅಧ್ಯಕ್ಷರಾದರೆ ಮೊದಲ ಕೆಲಸ ನನ್ನನ್ನು ತೆಗೆಯುವುದು ಎಂದು ಲೆಕ್ಕ ಹಾಕಿದೆ. ಹನ್ನೊಂದು ವರ್ಷ ಕಾರ್ಯದರ್ಶಿಯಾಗಿದ್ದವನು, ಆ ಕುರ್ಚಿ ಬಿಟ್ಟರೆ... ಸಣ್ಣ ಕುರ್ಚಿ ಮೇಡಂ ಅದು. ಅಷ್ಟಕ್ಕೇ ಅಷ್ಟು ಆಸೆ.

ಮರುದಿನ ಮಧ್ಯಾಹ್ನ ನೀವೇ ಫೋನು ಮಾಡಿದಿರಿ. "ಸರ್, ನಿನ್ನೆ ನೀವು ಕೇಳಿದ್ರಲ್ಲ, ಮನೇಲೂ ಮಾತಾಡಿದೆ. ನಮ್ಮ ಸಿಸ್ಟರ್‌ಗಳು ಟ್ರೇನಿಂಗು ಇಲ್ಲೇ ಮಾಡಾಕೆ ಆಗ್ತೈತಾ ಅಂತ ಕೇಳ್ತಾ ಇದ್ರು..."

ನಾನು ಮಾತು ಮುಗಿಯಲು ಬಿಡಲಿಲ್ಲ. "ಅಯ್ಯೋ, ನೀವು ಬ್ಯಾಡ ಅಂದ್ರಲ್ಲ ಮೇಡಂ. ನಮ್ಮ ಚನ್ನಗಿರಿ ರುದ್ರಪ್ಪನೋರು ಒಪ್ಕೊಂಡು ಆಗೋಗೈತೆ."

ಆಗಿರಲಿಲ್ಲ. ನಿಮ್ಮ ಫೋನಿಟ್ಟ ಮೇಲೆ ನಾನು ರುದ್ರಪ್ಪನವರಿಗೆ ಫೋನು ಮಾಡಿದೆ. ಅವರು ನನ್ನ ಗುರುಗಳಂಥವರು, ಆದರೂ ಸಂಘದ ವಿಷಯದಲ್ಲಿ ನಾನು ಹಾಕಿದ ಗೆರೆ ದಾಟುವವರಲ್ಲ. "ಜಗಳೂರಿನ ಮೇಡಂ ಏನಂತಾರೆ?" ಎಂದು ಕೇಳಿದರು. "ಅವರಿಗೆ ಬ್ಯಾಡಂತೆ ಸರ್, ಮನೆ ಕಡೆ ತೊಂದ್ರೆ ಐತಂತೆ" ಎಂದೆ. ಇಲ್ಲದ ತೊಂದರೆಯನ್ನು ನಿಮ್ಮ ಮನೆಗೆ ತಂದಿಟ್ಟೆ. ತರಬೇತಿ ಚನ್ನಗಿರಿಯಲ್ಲಾಯಿತು. ಜಗಳೂರಿನಿಂದ ಒಬ್ಬ ಸಿಸ್ಟರ್ ಬಂದಿದ್ದರು. ಉಪ್ಪಿಟ್ಟು ಚೆನ್ನಾಗಿತ್ತು ಎಂದು ಎಲ್ಲರೂ ಹೊಗಳಿದರು.

ಎರಡು ತಿಂಗಳ ನಂತರ ಬೇರೊಂದು ಶಾಖೆಯ ಕಾರ್ಯದರ್ಶಿ ಮದುವೆಮನೆಯಲ್ಲಿ ಸಿಕ್ಕರು. ನಾನು ಪತ್ರದ ಸುದ್ದಿ ಎತ್ತಿದೆ. ಅವರು ಎಲೆಅಡಿಕೆ ಮಡಚುತ್ತಾ, "ಅದಾ? ನಮಗೂ ಬಂದಿತ್ತು. ಎಲ್ಲಾ ಶಾಖೆಗೂ ಒಂದೇ ಕಾಗದ ಕಳ್ಸಿದ್ರಲ್ರೀ. ನಾವು ಓದಾಕೂ ಹೋಗ್ಲಿಲ್ಲ" ಎಂದರು. ನಾನು ನಗಲು ಪ್ರಯತ್ನಿಸಿದೆ. ಯಾರೂ ದೂರು ಕೊಟ್ಟಿರಲಿಲ್ಲ. ನೀವು ವಿಳಾಸ ಕೇಳಿದ್ದು ಯಾಕೋ — ನಾನು ಇವತ್ತಿಗೂ ಕೇಳಿಲ್ಲ. ಸದಸ್ಯತ್ವದ ಕಾರ್ಡಿಗಿರಬಹುದು.

ಆಗಲಾದರೂ ಹೇಳಬಹುದಿತ್ತು. ವರ್ಷ ಇನ್ನೂ ಮುಗಿದಿರಲಿಲ್ಲ, ರುದ್ರಪ್ಪನವರು ನಾನು ಹೇಳಿದರೆ ಬಿಟ್ಟುಕೊಡುವವರೇ. ನಾನು ಸುಮ್ಮನಿದ್ದೆ. ಅನುಮಾನಕ್ಕೆ ಕಾರಣವಾದರೂ ಇತ್ತು ಎಂದುಕೊಳ್ಳಬಹುದು. ಈ ಮೌನಕ್ಕೆ ಏನೂ ಇರಲಿಲ್ಲ. ಮುಂದೆ ಸಂಘದ ನಿಯಮಾವಳಿ ತಿದ್ದಿ ಸರದಿಯನ್ನೇ ತೆಗೆದೆವು, ವೋಟು ತಂದೆವು. ಚನ್ನಗಿರಿ, ಹೊನ್ನಾಳಿಗಳ ವೋಟಿನ ಮುಂದೆ ಜಗಳೂರಿನ ಒಂದು ವೋಟು ಏನು ಮಾಡೀತು. ನೀವು ಸಭೆಗೆ ಬರುವುದು ಕಡಿಮೆಯಾಯಿತು. ಆ ವರ್ಷಗಳಲ್ಲಿ ನಿಮ್ಮ ತಾಲ್ಲೂಕಿನಲ್ಲಿ ಹುಟ್ಟಿ ಅಳದೆ ಹೋದ ಕೂಸುಗಳು... ಎಷ್ಟೆಂದು ನಾನು ವಿಚಾರಿಸಲಿಲ್ಲ. ವಿಚಾರಿಸುವ ಧೈರ್ಯ ಇರಲಿಲ್ಲ.

ಹೋದ ತಿಂಗಳು ಸಂತೇಬೆನ್ನೂರಿಗೆ ಹೊಸದಾಗಿ ಬಂದಿರುವ ಡಾಕ್ಟರ್ ಹುಡುಗಿ ನನ್ನನ್ನು ನೋಡಲು ಬಂದಿದ್ದರು. ಸಂಘದ ಜಂಟಿ ಕಾರ್ಯದರ್ಶಿ ಆಗುತ್ತೀರಾ ಎಂದು ಕೇಳಿದೆ. ತಟ್ಟನೆ, "ಹೂಂ ಸರ್, ಆಗ್ತೀನಿ" ಎಂದರು. ನನಗೆ ಆಶ್ಚರ್ಯವಾಯಿತು. ಅವರು ನಕ್ಕರು. "ನಾನು ಜಗಳೂರಲ್ಲಿ ಇದ್ದಾಗ ಗಿರಿಜಾ ಮೇಡಂ ಹೇಳಿಕೊಟ್ಟಿದಾರೆ ಸರ್. ಯಾರಾದ್ರೂ ಕೇಳಿದ್ರೆ ಮೊದಲ್ನೇ ಸಲಕ್ಕೇ ಹೂಂ ಅನ್ನು, ನಾನು ಸಂಕೋಚಕ್ಕೆ ಬ್ಯಾಡ ಅಂದುಬಿಟ್ಟೆ, ನಮ್ಮ ಸಿಸ್ಟರ್‌ಗಳಿಗೆ ಬರಬೇಕಾಗಿದ್ದು ನನ್ನಿಂದ ತಪ್ಪೋಯ್ತು ಅಂತಾರೆ."

ಅವರು ಹೋದ ಮೇಲೆ ಬೀರು ತೆಗೆದು ಆ ವರ್ಷದ ನಡಾವಳಿ ಪುಸ್ತಕ ಹೊರತೆಗೆದೆ. ನೀವು ನನ್ನನ್ನು ಬೈಯುತ್ತಿರುತ್ತೀರಿ ಎಂದು ಆರು ವರ್ಷ ಅಂದುಕೊಂಡಿದ್ದೆ. ಅದರಲ್ಲೂ ಒಂದು ಸಮಾಧಾನವಿತ್ತು. ನೀವು ನನ್ನನ್ನು ಒಮ್ಮೆಯೂ ಅನುಮಾನಿಸಲೇ ಇಲ್ಲ. ನನ್ನ ತಪ್ಪನ್ನು ನಿಮ್ಮದೆಂದು ಹೊತ್ತುಕೊಂಡು, ಅದನ್ನು ಪಾಠವೆಂದು ಕಿರಿಯರಿಗೆ ಹೇಳಿಕೊಡುತ್ತಿದ್ದೀರಿ.

ಮುಂದಿನ ಭಾನುವಾರ ಹೊನ್ನಾಳಿಯಲ್ಲಿ ವಾರ್ಷಿಕ ಸಭೆ. ನಿಮಗೆ ಕಳಿಸುತ್ತಿರುವ ಈ ಕಾಗದವನ್ನೇ ಅಲ್ಲಿ ನಿಂತು ಓದುತ್ತೇನೆ. ನಡಾವಳಿಯ ಆ ಸಾಲನ್ನು ಎಲ್ಲರೆದುರು ಹೊಡೆದುಹಾಕಿ ಪಕ್ಕದಲ್ಲಿ ಸಹಿ ಮಾಡುತ್ತೇನೆ. ಕ್ಷಮಿಸಿ ಎಂದು ಕೇಳುವುದಿಲ್ಲ. ಆದರೆ ಮೇಡಂ, ಕಿರಿಯ ಡಾಕ್ಟರ್ ಹುಡುಗಿಯರಿಗೆ ಇನ್ನು ಮುಂದೆ ಹಾಗೆ ಹೇಳಬೇಡಿ. ತಪ್ಪಿದ್ದು ನಿಮ್ಮಿಂದಲ್ಲ.