ಗುಲಾಬಿ ಬಣ್ಣದ ಕಾಗದದ ಬುಟ್ಟಿ

ನನ್ನ ಮಗಳು ಶಾಲೆಗೆ ಮಾಡಬೇಕಾದ ಕಾಗದದ ಬುಟ್ಟಿಗೆಂದು ಅವ್ವ ಇವತ್ತು ಮೆಂತ್ಯ ನೆನೆಹಾಕಿದ್ದಾಳೆ. ಆ ವಾಸನೆಗೆ ನಾನು ಮತ್ತೆ ವಾಡಿ ಊರಿನ ನನ್ನ ಹಳೆಯ ಶಾಲೆಗೆ ಹೋಗಿಬಿಟ್ಟೆ.

ಏಳನೇ ತರಗತಿಯಲ್ಲಿ ಟೀಚರ್ ನಮ್ಮಿಂದ ರದ್ದಿ ಕಾಗದ ತರಿಸಿ, ಮೆಂತ್ಯದ ಜೊತೆ ರುಬ್ಬಿಸಿ, ಬೋಗುಣಿಯ ಮೇಲೆ ಮೆತ್ತಿಸಿ ಬುಟ್ಟಿ ಮಾಡಿಸಿದ್ದರು. ಅಪ್ಪನಿಗೆ ತೋರಿಸದೆ ಬಚ್ಚಿಟ್ಟಿದ್ದ, ನಾಪಾಸಾದ ಗಣಿತದ ಉತ್ತರಪತ್ರಿಕೆಗಳನ್ನು ನಾನು ನನ್ನ ರದ್ದಿಯೊಳಗೆ ಸೇರಿಸಿಬಿಟ್ಟೆ. ಎಲ್ಲರ ಬುಟ್ಟಿಗಳೂ ಸಿಮೆಂಟಿನ ಬಣ್ಣಕ್ಕೆ ಒಣಗಿದವು. ಉತ್ತರಪತ್ರಿಕೆಗಳ ಕೆಂಪು ಶಾಯಿ ಕುಡಿದ ನನ್ನದು ಮಾತ್ರ ಗುಲಾಬಿ.

"ಈ ಬಣ್ಣ ಹ್ಯಾಂಗ ಬಂತವಾ?" ಎಂದರು ಟೀಚರ್.

"ದಾಸಾಳ ಹೂವಿಂದ್ರೀ," ಎಂದುಬಿಟ್ಟೆ.

"ಭಾಳ ಚಂದ ಆಗ್ಯಾದ. ಪ್ರದರ್ಶನಕ್ಕ ಇಂಥದ್ದೇ ಇನ್ನೊಂದು ಮಾಡು."

ದಾಸವಾಳ ಅರೆದು ಹಾಕಿದರೆ ಮುದ್ದೆ ನೀಲಿಗಪ್ಪಾಯಿತು. ಬೇರೆ ದಾರಿ ಕಾಣದೆ, ಮುಂದಿನ ಕಿರುಪರೀಕ್ಷೆಯಲ್ಲಿ ನನಗೆ ಗೊತ್ತಿದ್ದ ಲೆಕ್ಕಗಳನ್ನೂ ಬೇಕೆಂದೇ ತಪ್ಪು ಮಾಡಿದೆ. ಗಣಿತದ ಸರ್ ಪುಟದ ತುಂಬ ಕೆಂಪು ಗೀಚಿ ಕೊಟ್ಟರು. ಎರಡನೇ ಬುಟ್ಟಿಯೂ ಗುಲಾಬಿಯಾಯಿತು.

ಮೊದಲನೆಯ ಬುಟ್ಟಿಯಲ್ಲಿ ಅವ್ವ ಇಂದಿಗೂ ಬಳ್ಳೊಳ್ಳಿ ಇಡುತ್ತಾಳೆ. ಈಗಷ್ಟೇ ಅದನ್ನು ಮೊಮ್ಮಗಳಿಗೆ ತೋರಿಸಿ, "ನಿಮ್ಮವ್ವ ಭಾಳ ಶಾಣ್ಯಾಕಿ ಇದ್ದಳು, ದಾಸಾಳ ಹೂವಿಂದ ಮಾಡ್ಯಾಳ ನೋಡು," ಎಂದಳು.

ಮಗಳು ಫ್ರಾಕಿನ ಮಡಿಲ ತುಂಬ ದಾಸವಾಳ ಕಿತ್ತುಕೊಂಡು ಬಂದು ನನ್ನೆದುರು ನಿಂತಿದ್ದಾಳೆ.

"ಮಮ್ಮಿ, ಎಷ್ಟು ಹೂ ಹಾಕ್ಲಿ?"