ಮೂಗಿಲ್ಲದ ಭಾವನ ದೋಣಿಗೊಂದು ಒಲೆ

ನಮ್ಮ ಭಾವ ಚಹಾ ದೋಣಿಯವರು. ಬಂದರಿನಲ್ಲಿ ಲಂಗರು ಹಾಕಿ ನಿಂತ ಸರಕು ಹಡಗುಗಳ ಮಗ್ಗುಲಿಗೆ ತಮ್ಮ ಪುಟ್ಟ ದೋಣಿ ತಂದು, ಮೇಲಿನಿಂದ ಹಗ್ಗಕ್ಕೆ ಕಟ್ಟಿ ಇಳಿಬಿಟ್ಟ ಕೆಟಲಿಗೆ ಬಿಸಿ ಚಹಾ ತುಂಬಿಸಿ ಕಳಿಸುವುದು ಅವರ ಕಸುಬು. ದೋಣಿಯ ಹಲಗೆಗಳನ್ನು ಅವರೇ ಜೋಡಿಸಿದ್ದು. ಒಂದು ಹನಿ ನೀರು ಒಳಗೆ ಬರುವುದಿಲ್ಲ ಎಂಬ ಹೆಮ್ಮೆ ಅವರಿಗೆ. ಅದನ್ನು ದೋಣಿ ಕಟ್ಟುವ ಧಕ್ಕೆಯ ಮೇಲೆ ಸಿಕ್ಕಿದವರಿಗೆಲ್ಲ ಹೇಳುತ್ತಿದ್ದರು. ಸಿಗದವರನ್ನು ಕರೆದು ಹೇಳುತ್ತಿದ್ದರು.

ಹೋದ ಚಳಿಗಾಲ ಒಂದು ಜ್ವರ ಬಂದು ಹೋಯಿತು. ಹೋಗುವಾಗ ಭಾವನಿಗೆ ವಾಸನೆ ತಿಳಿಯುವ ಶಕ್ತಿಯನ್ನೂ ಗಂಟು ಕಟ್ಟಿಕೊಂಡು ಹೋಯಿತು. ಮೂಗು ಇದ್ದಲ್ಲೇ ಇದೆ, ದೊಡ್ಡದಾಗಿಯೇ ಇದೆ. ಆದರೆ ಈಗದು ಕನ್ನಡಕ ನಿಲ್ಲಿಸುವ ಗೂಟ ಮಾತ್ರ. ಮಲ್ಲಿಗೆಯೂ ಒಂದೇ, ಕೊಳೆತ ಮೀನೂ ಒಂದೇ. ಒಂದು ದಿನ ಸೀಮೆಎಣ್ಣೆ ಸ್ಟವ್ ಪಕ್ಕದ ಟವೆಲ್ಲಿಗೆ ಬೆಂಕಿ ಹತ್ತಿ, ಹಡಗಿನ ಮೇಲಿದ್ದವನು ಕೂಗಿದ ಮೇಲೇ ಭಾವನಿಗೆ ಗೊತ್ತಾದದ್ದು.

ಅಕ್ಕ ಅಂದೇ ತೀರ್ಪು ಕೊಟ್ಟಳು. "ದೋಣಿ ಮಾರಿಬಿಡಿ. ಮನೇಲಿ ಕೂತ್ಕೊಳ್ಳಿ."

"ಮನೇಲಿ ಕೂತು ಏನ್ ಮಾಡ್ಲೇ? ನಿನ್ನ ಮುಖ ನೋಡ್ಲಾ?"

"ಯಾಕೆ, ಕಣ್ಣೂ ಹೋಯ್ತಾ?"

ಮೂಗು ಕೆಟ್ಟರೂ ಮೂಗುದಾರ ಅಕ್ಕನ ಕೈಯಲ್ಲೇ ಇತ್ತು. ಕೊನೆಗೆ ನಾನು ನಡುವೆ ಬಾಯಿ ಹಾಕಿ ಒಪ್ಪಂದ ಮಾಡಿಸಿದೆ: ಸೀಮೆಎಣ್ಣೆ ಬಿಟ್ಟು ಒಳ್ಳೆಯ ಗ್ಯಾಸ್ ಒಲೆ ತರುವುದು, ಅಕ್ಕ ದೋಣಿಗೇ ಬಂದು ನೋಡುವುದು. ಅವಳು ಒಪ್ಪಿದರೆ ದೋಣಿ ಉಂಟು, ಒಲ್ಲೆ ಎಂದರೆ ಇಲ್ಲ.

ಒಲೆ ಅಂಗಡಿಗೆ ಮೂವರೂ ಹೋದೆವು. ಭಾವನ ಕಣ್ಣು ಮೊದಲು ಬಿದ್ದದ್ದು ಪೆಟ್ಟಿಗೆಯಂಥ ಹಗುರ ಒಲೆಯ ಮೇಲೆ. ಡಬ್ಬಿ ಗ್ಯಾಸು ಅದರ ಹೊಟ್ಟೆಯೊಳಗೇ ಕೂರುತ್ತದೆ.

"ಅದು ನೆಲದ ಮೇಲೆ ಪಿಕ್ನಿಕ್ ಮಾಡೋರಿಗೆ ಯಜಮಾನ್ರೇ," ಎಂದಳು ಅಂಗಡಿಯಾಕೆ. "ಅಲೆ ಬಂದ್ರೆ ಒಲೆ ಒಂದ್ಕಡೆ, ಪಾತ್ರೆ ಒಂದ್ಕಡೆ. ಇದು ನೋಡಿ. ಹಲಗೆಗೆ ಸ್ಕ್ರೂ ಹಾಕಿ ಕೂರಿಸ್ಬಹುದು. ಪಾತ್ರೆ ಜಾರದ ಹಾಗೆ ಸುತ್ತ ಕಂಬಿ ಇದೆ. ಗಾಳಿಗೆ ಉರಿ ಆರಿದ್ರೆ ತಾನೇ ಗ್ಯಾಸ್ ನಿಲ್ಲಿಸತ್ತೆ."

"ಆರಿದ್ದು ಅದಕ್ಕೆ ಗೊತ್ತಾಗತ್ತಾ?"

"ಗೊತ್ತಾಗತ್ತೆ."

"ನನಗಿಂತ ವಾಸಿ," ಎಂದು ಭಾವ ಅದನ್ನೇ ಆರಿಸಿಕೊಂಡರು.

"ಸಿಲಿಂಡರ್ ಎಲ್ಲಿಡ್ತೀರಿ?" ಎಂದು ಅಂಗಡಿಯಾಕೆ ಕೇಳಿದ್ದೇ ತಡ, ಭಾವನ ಎದೆ ಉಬ್ಬಿತು. "ಅಮ್ಮಾ, ಮೀಸೆ ಚಿಗುರಿದಾಗಿಂದ ದೋಣೀಲಿದೀನಿ. ಯಾವ್ದನ್ನ ಎಲ್ಲಿಡ್ಬೇಕು ಅಂತ ನನಗೆ ಹೇಳ್ಕೊಡ್ತೀರಾ?" ಒಲೆಯನ್ನು ಹೆಗಲಿಗೇರಿಸಿ ಹೊರಟೇಬಿಟ್ಟರು. ಸಿಲಿಂಡರ್ ಹೊತ್ತು ನಾನೂ ಹಿಂದೆ ಹೋದೆ. ಅಕ್ಕ ಮಾತ್ರ ಅಂಗಡಿಯಲ್ಲೇ ಉಳಿದು, ಅಂಗಡಿಯಾಕೆ ಹೇಳಿದ್ದನ್ನೆಲ್ಲ ಕೇಳಿಸಿಕೊಂಡು ಬಂದಳು. ದಾರಿಯಲ್ಲಿ ಬಾಯಿ ತೆರೆದಳು. "ದೋಣಿ ವಿಷಯ ನನಗೆ ಬಿಡು" ಎಂದರು ಭಾವ. ಬಿಟ್ಟಳು.

ದೋಣಿಯವರಿಗೆ ಒಂದೇ ವೇದ: ಭಾರದ್ದೆಲ್ಲ ಕೆಳಗೆ. ಕೆಳಗೆ ಭಾರ ಇದ್ದರೆ ದೋಣಿ ಮಗುಚುವುದಿಲ್ಲ. ಹಾಗಾಗಿ ಭಾವ ಸಿಲಿಂಡರನ್ನು ದೋಣಿಯ ಹೊಟ್ಟೆಯೊಳಗೆ, ಹಲಗೆಗಳ ಅಡಿಯಲ್ಲಿ, ಬಾಣಂತಿಯನ್ನು ಮಲಗಿಸುವಷ್ಟು ಜೋಪಾನವಾಗಿ ಇಟ್ಟು ಕಟ್ಟಿದರು. ಪೈಪನ್ನು ತಾವೇ ತಿರುಗಿಸಿ ಬಿಗಿದು, ಬೆಳಿಗ್ಗೆಗೆಂದು ಸಿಲಿಂಡರಿನ ಕವಾಟವನ್ನೂ ತೆರೆದಿಟ್ಟರು.

ಮರುದಿನ ಬೆಳಿಗ್ಗೆ ಅಕ್ಕನ ತಪಾಸಣೆ. ಭಾವ ಹೊಸ ಅಂಗಿ ತೊಟ್ಟು, ಕಡ್ಡಿಪೆಟ್ಟಿಗೆ ಹಿಡಿದು ನಿಂತಿದ್ದರು. ಅಕ್ಕ ದೋಣಿಗೆ ಕಾಲಿಟ್ಟಳು, ಬಗ್ಗಿ ಹಲಗೆಯ ಸಂದಿಗೆ ಮೂಗು ಒಡ್ಡಿದಳು.

"ಕಡ್ಡಿ ಗೀರಬೇಡಿ!"

"ಯಾಕೇ?"

"ಕೆಳಗೆಲ್ಲ ಗ್ಯಾಸು. ರಾತ್ರಿಯೆಲ್ಲಾ ಸೋರಿದೆ."

ಭಾವನ ಮುಖದಲ್ಲಿ ಭಾವವೇ ಉಳಿಯಲಿಲ್ಲ. ಕಡ್ಡಿಪೆಟ್ಟಿಗೆಯನ್ನು ನನ್ನ ಕೈಗೆ ಕೊಟ್ಟು, ಹಲಗೆ ಎತ್ತಿ ಸಿಲಿಂಡರಿನ ಕವಾಟ ಮುಚ್ಚಿದರು. "ಮುಚ್ಚಿದೆ ಕಣೇ. ಬಯಲು ಗಾಳಿ, ಹೊರಟು ಹೋಗತ್ತೆ."

"ಎಲ್ಲಿಂದ ಹೋಗತ್ತೆ? ಮನೆಗಾದ್ರೆ ಬಾಗಿಲಿದೆ. ಈ ಗ್ಯಾಸು ಗಾಳಿಗಿಂತ ಭಾರ, ನೀರಿನ ಹಾಗೆ ತಳಕ್ಕಿಳಿದು ಕೂರತ್ತಂತೆ. ನಿಮ್ಮ ದೋಣಿಗೆ ಒಂದು ತೂತಾದ್ರೂ ಇದೆಯಾ?"

ಇಲ್ಲ. ಅದೇ ತಾನೇ ಹೆಮ್ಮೆ!

ಅಕ್ಕ ಪ್ಲಾಸ್ಟಿಕ್ ಬಕೆಟ್ ಅವರ ಕೈಗಿತ್ತಳು. "ನೀರು ಮೊಗೆದು ಹಾಕ್ತೀರಲ್ಲ, ಹಾಗೇ ಮೊಗೀರಿ. ಅಂಗಡಿಯಾಕೆ ಹೇಳಿದ್ಲು."

ಭಾವ ಮೊಗೆಯತೊಡಗಿದರು. ಒಣಗಿದ ದೋಣಿಯಿಂದ ಬಕೆಟ್ ಬಕೆಟ್ ಶೂನ್ಯವನ್ನು ಎತ್ತಿ ಸಮುದ್ರಕ್ಕೆ ಸುರಿಯುವುದು, ಮತ್ತೆ ಬಗ್ಗುವುದು. ಪಕ್ಕದ ದೋಣಿಯ ಬೊಜ್ಜಣ್ಣ ಸಿಗರೇಟು ಕಚ್ಚಿಕೊಂಡು ಹಲ್ಲು ಬಿಟ್ಟ. "ಏನಣ್ಣಾ, ಗಾಳಿ ತುಂಬಿ ಮುಳುಗ್ತಾ ಇದೀಯಾ?"

"ಬೊಜ್ಜಣ್ಣ, ಇದು ಗ್ಯಾಸು," ಎಂದಳು ಅಕ್ಕ. ಸಿಗರೇಟು ನೀರಿಗೆ ಬಿತ್ತು. ಬೊಜ್ಜಣ್ಣನ ದೋಣಿ ಹುಟ್ಟಿನ ಎರಡೇ ಏಟಿಗೆ ಆಚೆ ದಡ ಸೇರಿತು.

ಅಕ್ಕನ ಮೂಗು ಸಾಕು ಎನ್ನುವವರೆಗೂ ಮೊಗೆದ ಭಾವ ಬಕೆಟ್ ಕೆಳಗಿಟ್ಟು, ಹೊಸ ಅಂಗಿಯಲ್ಲೇ ಬೆವರು ಒರೆಸಿಕೊಂಡರು. ಆಮೇಲೆ, ಯಾರನ್ನೂ ನೋಡದೆ, "ಮಾರಿಬಿಡೋಣ ಕಣೇ" ಎಂದರು.

ಇದಕ್ಕಾಗಿಯೇ ಬಂದ ಅಕ್ಕ ಇದನ್ನು ಕೇಳಿ ಗೆದ್ದೆನೆಂದು ಹಿಗ್ಗಬೇಕಿತ್ತು. ಅವಳು ದೋಣಿಯ ಹಲಗೆ ಸವರಿದಳು.

"ಬೈರಿಗೆ ತನ್ನಿ," ಎಂದಳು.

"ಯಾಕೆ?"

"ಸಿಲಿಂಡರ್ ಮೇಲೆ, ಹಿಂಬದೀಲಿ, ಬಯಲಲ್ಲಿರಲಿ. ಸುತ್ತ ಒಂದು ಪೆಟ್ಟಿಗೆ. ಪೆಟ್ಟಿಗೆ ತಳದಿಂದ ದೋಣಿ ಹೊರಗೆ ಒಂದು ತೂತು, ನೀರಿನ ಮಟ್ಟಕ್ಕಿಂತ ಮೇಲೆ. ಸೋರಿದ್ರೆ ಸಮುದ್ರಕ್ಕೇ ಹೋಗ್ಲಿ."

ಸ್ವಂತ ಕೈಯಿಂದ ಕಟ್ಟಿದ ದೋಣಿಗೆ ಸ್ವಂತ ಕೈಯಿಂದಲೇ ತೂತು ಕೊರೆಯುವಾಗ ಭಾವ ಹಲ್ಲು ಕಚ್ಚಿದ್ದನ್ನು ನಾನು ನೋಡಿದೆ. ಹಲ್ಲು ಕೀಳಿಸಿಕೊಳ್ಳುವವರೂ ಅಷ್ಟು ಕಚ್ಚಲಾರರು.

ಈಗ ದಿನಾ ಬೆಳಿಗ್ಗೆ ಭಾವ ಕವಾಟ ತೆರೆದು, ಪೈಪಿನ ಕೀಲುಗಳಿಗೆ ಸೋಪಿನ ನೀರು ಹಚ್ಚಿ, ಕನ್ನಡಕ ಏರಿಸಿಕೊಂಡು ನೋಡುತ್ತಾರೆ. ಗುಳ್ಳೆ ಎದ್ದರೆ ಸೋರಿಕೆ, ಏಳದಿದ್ದರೆ ಕ್ಷೇಮ. ಮೂಗಿನ ಕೆಲಸ ಕಣ್ಣಿಗೆ ಬಿದ್ದಿದೆ. ಸಂಜೆ ಕೆಲಸ ಮುಗಿದಾಗ ಮೊದಲು ಕವಾಟ ಮುಚ್ಚಿ, ಪೈಪಿನಲ್ಲಿ ಉಳಿದದ್ದು ಉರಿದು ಮುಗಿದ ಮೇಲೇ ಒಲೆಯ ಕಿವಿ ತಿರುಗಿಸುತ್ತಾರೆ.

ಬೆಳಿಗ್ಗೆ ದೋಣಿ ಹೊರಡುವ ಮುನ್ನ ಧಕ್ಕೆಯ ಮೇಲೆ ಅಕ್ಕ ಹಾಲಿನ ಕ್ಯಾನಿನ ಮುಚ್ಚಳ ತೆಗೆದು ಮೂಸುತ್ತಾಳೆ. ಗುಳ್ಳೆ ಇಲ್ಲವೆಂದು ಭಾವ ದೋಣಿಯಿಂದ ಕೈ ಎತ್ತುತ್ತಾರೆ. ಹಾಲು ಕೆಟ್ಟಿಲ್ಲವೆಂದು ಅವಳು ಕ್ಯಾನ್ ದಾಟಿಸುತ್ತಾಳೆ.

"ಹೋಗಿ," ಎನ್ನುತ್ತಾಳೆ. "ಊಟಕ್ಕೆ ಬನ್ನಿ."